ಕಣ್ಣು ಮುಚ್ಚಿದರೆ ಸ್ಕ್ಯಾನಿಂಗ್ ರೂಮೇ ಕಾಣುತ್ತದೆ

ಪ್ರಶ್ನೆ: ನಾನು ಸುರತ್ಕಲ್‌ನವಳು, ವಯಸ್ಸು 29. ಮಂಗಳೂರಿನಲ್ಲಿ ಖಾಸಗಿ ಆಫೀಸಿನ ಕೆಲಸ. ಹತ್ತನೇ ವಾರದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹಾರ್ಟ್‌ಬೀಟ್ ಇಲ್ಲ ಅಂದರು. ಗರ್ಭಕೋಶ ಸ್ವಚ್ಛ ಮಾಡುವ ಡಿ ಆಂಡ್ ಸಿ ಆಗಿ ಮೂರು ವಾರ ಆಯಿತು. ಆಫೀಸಿನಲ್ಲಿ ಜ್ವರ ಅಂತ ಹೇಳಿ ನಾಲ್ಕೇ ದಿನ ರಜೆ ಹಾಕಿದ್ದೆ. ಗಂಡ ಮೊಬೈಲಿಗೆ ಧ್ಯಾನದ ಆ್ಯಪ್ ಹಾಕಿಕೊಟ್ಟಿದ್ದಾರೆ. ಕಣ್ಣು ಮುಚ್ಚಿ ಕೂತರೆ ಆ ಸ್ಕ್ಯಾನಿಂಗ್ ರೂಮೇ ಕಾಣುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಎದ್ದುಬಿಡುತ್ತೇನೆ. ಗೆಳತಿ ಕಪಾಲಭಾತಿ ಮಾಡು ಅನ್ನುತ್ತಾಳೆ. ಅತ್ತೆ ಜೋಯಿಸರಲ್ಲಿ ಕೇಳಿಸಿದರು, ನಾಗದೋಷ ಅಂತ ಬಂತಂತೆ. ದಿನಾ ಬಸ್ಸಿನಲ್ಲಿ ನಿಂತುಕೊಂಡು ಹೋಗಿದ್ದಕ್ಕೇ ಹೀಗಾಯಿತಾ ಅಂತ ನನಗೆ ಅನುಮಾನ. ಮುಂದಿನ ತಿಂಗಳು ನಾದಿನಿಯ ಸೀಮಂತ ಬೇರೆ. ಧ್ಯಾನ ಕೂಡ ನನ್ನಿಂದ ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಬಸ್ಸಿನ ವಿಷಯ. ಬಸ್ಸಿನಲ್ಲಿ ನಿಂತಿದ್ದಕ್ಕೆ ಗರ್ಭ ಹೋಗುವುದಿಲ್ಲ. ಮೆಟ್ಟಿಲು ಹತ್ತಿದ್ದಕ್ಕೆ, ಬಿಂದಿಗೆ ಎತ್ತಿದ್ದಕ್ಕೆ, ಮನೆಯಲ್ಲಿ ಜಗಳ ಆಡಿದ್ದಕ್ಕೂ ಹೋಗುವುದಿಲ್ಲ. ಗರ್ಭಿಣಿ ಅಂತ ಗೊತ್ತಾದ ಮೇಲೂ ನೂರರಲ್ಲಿ ಹತ್ತರಿಂದ ಇಪ್ಪತ್ತು ಗರ್ಭಗಳು ನಿಲ್ಲುವುದಿಲ್ಲ, ಅದರಲ್ಲೂ ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ. ಹೀಗೆ ಬೇಗ ಹೋದವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಕ್ರೋಮೋಸೋಮಿನ, ಅಂದರೆ ಜೀವಕೋಶದೊಳಗೆ ವಂಶಗುಣ ಹೊತ್ತಿರುವ ಎಳೆಗಳ ದೋಷ. ಅದು ಸಾಮಾನ್ಯವಾಗಿ ಗರ್ಭ ಕಟ್ಟುವಾಗಲೇ ಆಗಿರುತ್ತದೆ, ನೀವು ಬಸ್ ಹತ್ತುವುದಕ್ಕೂ ಎಷ್ಟೋ ಮುಂಚೆ. ನಾಗದೋಷದ ಮಾತು ನಮ್ಮ ಕಡೆ ಬಂದೇ ಬರುತ್ತದೆ. ಆಶ್ಲೇಷಾ ಬಲಿ ಮಾಡಿಸಿದರೆ ಅತ್ತೆಗೆ ಸಮಾಧಾನ, ನಿಮಗೂ ಮನಸ್ಸಿದೆ ಅಂದರೆ ಮಾಡಿಸಿ, ನನ್ನದೇನೂ ತಕರಾರಿಲ್ಲ. ಆದರೆ ಆ ನೆಪದಲ್ಲಿ ತಪ್ಪು ನಿಮ್ಮ ತಲೆಗೆ ಬರಬಾರದು, ಅಷ್ಟೇ.

ಇನ್ನು ಧ್ಯಾನ. ನಿಮ್ಮಿಂದ ಆಗುತ್ತಿಲ್ಲ ಅಂತಲ್ಲ, ಈಗ ನಿಮಗೆ ಕೊಟ್ಟಿರುವ ಬಗೆ ಸರಿಯಿಲ್ಲ. ಆಘಾತ ಹಸಿಯಾಗಿರುವಾಗ ಕಣ್ಣು ಮುಚ್ಚಿ ಸುಮ್ನೆ ಕೂತರೆ ಬರುವುದು ಶಾಂತಿಯಲ್ಲ, ಅದೇ ದೃಶ್ಯ. ಇದು ತುಂಬಾ ಜನರಿಗೆ ಆಗುತ್ತದೆ. ಅದರ ಮೇಲೆ ಇಂಥ ಆ್ಯಪ್‌ಗಳಲ್ಲಿ ‘ಈಗ ಗಮನ ಹೊಟ್ಟೆಯ ಕಡೆಗೆ, ಹೊಟ್ಟೆಯ ಮೇಲೆ ಕೈ ಇಡಿ’ ಅಂತ ಒಂದು ದನಿ ಹೇಳುತ್ತಿರುತ್ತದೆ. ನಿಮ್ಮಂಥವರು ಅದನ್ನು ಕೇಳಿದರೆ ಏನಾಗಬಹುದು ಅಂತ ಅದಕ್ಕೇನು ಗೊತ್ತು? ಆ ಆ್ಯಪ್ ತೆಗೆದುಬಿಡಿ.

ಕಣ್ಣು ತೆರೆದೇ ಕೂರಿ. ಗೋಡೆಗೆ ಬೆನ್ನು ಒರಗಿಸಿ, ಎರಡೂ ಪಾದ ನೆಲಕ್ಕೆ ತಾಗಿರಲಿ. ಎದುರಿಗಿರುವ ಯಾವುದಾದರೂ ಒಂದು ವಸ್ತು ನೋಡುತ್ತಿರಿ, ಅಂಗಳದ ತೆಂಗಿನಮರವಾದರೂ ಆಗುತ್ತದೆ. ಕೈ ಇಡಬೇಕು ಅನಿಸಿದರೆ ಎದೆಯ ಮೇಲೆ ಇಡಿ, ಹೊಟ್ಟೆಯ ಮೇಲೆ ಬೇಡ. ಮೂಗಿನಿಂದ ಮೂರು ಎಣಿಸುವಷ್ಟು ಉಸಿರು ಒಳಗೆ, ಐದು ಎಣಿಸುವಷ್ಟು ಹೊರಗೆ. ನಡುವೆ ಹಿಡಿದಿಡುವುದು ಬೇಡ. ಉಸಿರು ಒಳಗೆ ಹೋಗುವಾಗ ಎದೆಬಡಿತ ಸ್ವಲ್ಪ ಜೋರಾಗುತ್ತದೆ, ಹೊರಗೆ ಬರುವಾಗ ನಿಧಾನವಾಗುತ್ತದೆ. ಅದಕ್ಕೇ ಹೊರಗಿನ ಉಸಿರು ಉದ್ದ ಇರಲಿ ಅನ್ನುವುದು. ಮಿದುಳಿನಿಂದ ಎದೆಗೆ ಬರುವ ವೇಗಸ್ ಅನ್ನುವ ನರದ ಕೆಲಸ ಇದು, ಭಕ್ತಿ, ಏಕಾಗ್ರತೆ ಇಲ್ಲದಿದ್ದರೂ ನಡೆಯುತ್ತದೆ. ಎರಡು ನಿಮಿಷ ಆದರೂ ಸಾಕು. ತಲೆ ತಿರುಗಿದರೆ ಬಿಟ್ಟು, ಮಾಮೂಲಿ ಉಸಿರಾಡಿ. ಅಳು ಬಂದರೆ ಅತ್ತುಬಿಡಿ, ಅದರಿಂದ ಏನೂ ಕೆಡುವುದಿಲ್ಲ.

ಎಣಿಕೆ ಕಿರಿಕಿರಿ ಅನಿಸಿದರೆ ಭ್ರಾಮರಿ ಮಾಡಿ. ಮ್ ಅಂತ ಗುಂಯ್‌ಗುಟ್ಟುವಾಗ ಹೊರಗಿನ ಉಸಿರು ತಾನಾಗಿಯೇ ಉದ್ದ ಆಗುತ್ತದೆ. ಕೂರಲಿಕ್ಕೇ ಆಗದ ದಿನ ನಡೆಯಿರಿ. ಸುರತ್ಕಲ್ ಬೀಚ್ ಹತ್ತಿರವೇ ಇದೆ, ಮಳೆ ಇದ್ದರೆ ಜಗಲಿಯಲ್ಲೇ ಆ ತುದಿಯಿಂದ ಈ ತುದಿಗೆ. ಮೂರು ಹೆಜ್ಜೆಗೆ ಉಸಿರು ಒಳಗೆ, ಐದು ಹೆಜ್ಜೆಗೆ ಹೊರಗೆ. ರಾತ್ರಿ ಮೂರು ಗಂಟೆಗೆ ಎಚ್ಚರ ಆದರೆ ಮಲಗಿಕೊಂಡು ಹೊರಳಾಡಬೇಡಿ, ಎದ್ದು ಕೂತು ಇದನ್ನೇ ಮಾಡಿ.

ಕಪಾಲಭಾತಿ ಮಾತ್ರ ಈಗ ಬೇಡವೇ ಬೇಡ. ಭಸ್ತ್ರಿಕಾ ಕೂಡ. ಹೊಟ್ಟೆಯನ್ನು ಜಗ್ಗಿ ಜಗ್ಗಿ ಉಸಿರು ಬಿಡುವ ಅಭ್ಯಾಸಗಳು ಅವು. ರಕ್ತ ಹೋಗುವುದು ಪೂರ್ತಿ ನಿಂತು, ಡಾಕ್ಟರ್ ಒಮ್ಮೆ ನೋಡಿ ಹೂಂ ಅಂದ ಮೇಲೆ ಯೋಚಿಸಿದರಾಯಿತು. ಗಾಬರಿ ಇರುವವರಿಗೆ ವೇಗದ ಉಸಿರು ಗಾಬರಿಯನ್ನೇ ಜಾಸ್ತಿ ಮಾಡಬಹುದು. ನಡುವೆ ಜ್ವರ ಬಂದರೆ, ಕೆಟ್ಟ ವಾಸನೆಯ ಸ್ರಾವ ಇದ್ದರೆ, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಹೋದರೆ ಆಸ್ಪತ್ರೆಗೆ ಓಡಿ, ಪ್ರಾಣಾಯಾಮ ಅಂತ ಕೂರಬೇಡಿ.

ಸೀಮಂತಕ್ಕೆ ಹೋಗಲೇಬೇಕು ಅಂತ ಯಾರು ಹೇಳಿದ್ದು? ಉಸಿರಾಟ ಕಲಿಯುವುದು ಎಲ್ಲವನ್ನೂ ಸಹಿಸಿಕೊಂಡು ನಗುತ್ತಾ ಕೂರಲಿಕ್ಕಲ್ಲ. ನಾದಿನಿಗೆ ನೀವೇ ಫೋನ್ ಮಾಡಿ, ‘ನಿನ್ನ ಮೇಲೆ ಬೇಜಾರಿಲ್ಲ, ನನಗೆ ಈಗ ಆಗುವುದಿಲ್ಲ’ ಅಂತ ಹೇಳಿ. ಹೋಗುವುದೇ ಆದರೆ ಊಟದ ಹೊತ್ತಿಗೆ ಹೋಗಿ, ಬೇಗ ಹೊರಡಿ.

ಇನ್ನೊಂದು ವಿಷಯ. ಗರ್ಭಪಾತ ಆದ ಕೂಡಲೇ 6 ವಾರ ಸಂಬಳ ಸಹಿತ ರಜೆ ಪಡೆಯುವ ಹಕ್ಕು 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಇದೆ. ಹತ್ತು ಜನ ಅಥವಾ ಹೆಚ್ಚು ಇರುವ ಆಫೀಸಾಗಿದ್ದು, ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಕೇಳಬಹುದು. ನಿಮಗಿನ್ನೂ ಮೂರು ವಾರ ಉಳಿದಿದೆ, ಅಲ್ವಾ? ಡಾಕ್ಟರ ಸರ್ಟಿಫಿಕೇಟ್ ಕೊಟ್ಟು ಕೇಳಿ ನೋಡಿ. ಜ್ವರ ಅಂತ ಸುಳ್ಳು ಹೇಳಿಕೊಂಡು ಇಡೀ ದಿನ ಕಂಪ್ಯೂಟರ್ ಮುಂದೆ ಅಳು ನುಂಗುವುದಕ್ಕಿಂತ ಅದು ವಾಸಿ.

ಇನ್ನೂ ಎರಡು ವಾರ ಹೀಗೇ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಅದೇ ದೃಶ್ಯ ಹಗಲಲ್ಲೂ ಬರುತ್ತದೆ ಅಂತಾದರೆ ಮನೋವೈದ್ಯರನ್ನು ಕಾಣಿ. ಬದುಕುವುದೇ ಬೇಡ ಅನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಉಡುಪಿ ಹತ್ತಿರದವನು. ಹೆಂಡತಿಗೆ ಐದನೇ ತಿಂಗಳಲ್ಲಿ ಮಗು ಹೋಯಿತು. ಪ್ರಾಣಾಯಾಮ ಮಾಡು ಅಂದರೆ ರೇಗುತ್ತಾಳೆ. ಮನೆಯವರು ಸ್ಕ್ಯಾನಿಂಗ್ ಫೈಲ್, ತಂದಿಟ್ಟ ಪುಟ್ಟ ಬಟ್ಟೆ ಎಲ್ಲ ಬಿಸಾಡು ಅನ್ನುತ್ತಾರೆ.

ಉತ್ತರ: ಮಾಡು ಅನ್ನಬೇಡಿ ಮಾರಾಯ್ರೆ. ನೀವೇ ಅವರ ಪಕ್ಕ ಕೂತು, ಮೇಲೆ ಹೇಳಿದ ಹಾಗೆ ನಿಧಾನ ಉಸಿರಾಡಿ. ಮಗು ಹೋಗಿದ್ದು ನಿಮಗೂ ಅಲ್ವಾ? ಸೇರಬೇಕು ಅನಿಸಿದ ದಿನ ಅವರೇ ಸೇರಿಕೊಳ್ಳುತ್ತಾರೆ. ‘ಮುಂದಿನ ವರ್ಷ ಇನ್ನೊಂದು ಆಗುತ್ತದೆ’ ಅನ್ನುವ ನೆಂಟರನ್ನು ಬಾಗಿಲಲ್ಲೇ ತಡೆಯಿರಿ. ಐದನೇ ತಿಂಗಳಲ್ಲಿ ಹೋದರೆ ಎದೆಹಾಲು ಬರುವುದುಂಟು, ಯಾರೂ ಮೊದಲೇ ಹೇಳಿರುವುದಿಲ್ಲ, ಆ ಸಂಕಟ ಬೇರೆಯೇ. ತಣ್ಣೀರಿನ ಬಟ್ಟೆ ಇಟ್ಟರೆ ಬಿಗಿತ ಕಡಿಮೆ ಆಗುತ್ತದೆ. ನೋವು, ಜ್ವರ ಇದ್ದರೆ ಡಾಕ್ಟರಿಗೆ ತೋರಿಸಿ.

ಫೈಲ್ ಬಿಸಾಡಲೇಬೇಡಿ, ಮುಂದಿನ ಸಲ ಡಾಕ್ಟರ್ ಮೊದಲು ಕೇಳುವುದೇ ಅದನ್ನು. ಬಟ್ಟೆಯ ವಿಷಯ ಹೆಂಡತಿಯನ್ನೇ ಕೇಳಿ. ಅವರು ಉತ್ತರ ಕೊಡದಿದ್ದರೆ ಕಪಾಟಿನಲ್ಲಿ ಇದ್ದಲ್ಲೇ ಇರಲಿ.