ಅಳಿವೆಯ ಬದುಕು ಬದುಕಲ್ಲವೇ?

‘ತದಡಿಯಲ್ಲಿ ದೊಡ್ಡ ಬಂದರು ಆಗಿದ್ದಿದ್ದರೆ ನಮ್ಮ ಹುಡುಗರು ಗೋವಾ, ಮಂಗಳೂರು ಅಂತ ಊರು ಬಿಡಬೇಕಿರಲಿಲ್ಲ. ಕೆಸರಲ್ಲಿ ಬಳಚು ಚಿಪ್ಪು ಹೆಕ್ಕುವುದೂ ಒಂದು ಬದುಕೇ?’ – ಕುಮಟಾ ಕಡೆಯ ಓದುಗರೊಬ್ಬರ ಪ್ರಶ್ನೆ.

ಸಂಪಾದಕರ ಉತ್ತರ: ನಿಮ್ಮ ಸಂಕಟ ಸುಳ್ಳಲ್ಲ. ಓದಿದ ಮಕ್ಕಳಿಗೆ ಊರಲ್ಲೇ ಕೆಲಸ ಬೇಕು, ಒಪ್ಪಿದೆ. ಆದರೆ ಆ ಕೊನೆಯ ಸಾಲು, ಇಷ್ಟು ಸೊಗಸಾಗಿ ಬರೆಯಬಲ್ಲ ನಿಮ್ಮಿಂದ ಬರಬಾರದಿತ್ತು.

ಇಳಿತದ ಹೊತ್ತಿಗೆ, ತದಡಿಯ ಬಳಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ದಂಡೆಗೆ ಹೋಗಿ ನೋಡಿ. ನೀರಲ್ಲಿ ನಿಂತ ಹೆಂಗಸರು ಬಳಚು ಎಲ್ಲಿದೆಯೆಂದು ಕಾಲಲ್ಲೇ ತಡಕುತ್ತಾರೆ, ಬಗ್ಗಿ ತೆಗೆದು ಕೆಸರು ತೊಳೆದು ಬುಟ್ಟಿಗೆ ಹಾಕುತ್ತಾರೆ. ಅರ್ಜಿ ಹಾಕಬೇಕಿಲ್ಲ, ಯಾರ ಕೈಕೆಳಗೂ ದುಡಿಯಬೇಕಿಲ್ಲ. ಹಡಗು ಬರಲೆಂದು ಹೂಳೆತ್ತಿ ಆಳ ಮಾಡಿದರೆ ಮೊದಲು ಹೋಗುವುದು ಇವರು ನಿಂತ ಆ ದಿಬ್ಬವೇ.

ಅಳಿವೆ ಬದಿಯ ಮಾಣಿಕಟ್ಟಾದ ಗಜನಿಗಳ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳ, ಕಗ್ಗ ಭತ್ತವನ್ನು ನೀವು ಬಲ್ಲಿರಿ. ಉಪ್ಪುನೀರನ್ನೂ ನೆರೆಯನ್ನೂ ತಾಳುವ ತಳಿ ಅದು; ಗೊಬ್ಬರ ಕೇಳುವುದಿಲ್ಲ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ಅದು ಕೊಳೆತು ಮೀನು, ಸಿಗಡಿಗೆ ಮೇವಾಗುತ್ತದೆ. ಕಟ್ಟೆಯ ನೀರ ಬಾಗಿಲಾದ ಜಂತ್ರಡಿಯ ಹಲಗೆ ಎತ್ತಿದರೆ ಭರತದ ನೀರಿನೊಂದಿಗೆ ಮರಿಗಳು ತಾವಾಗಿ ಒಳಬರುತ್ತವೆ. ಒಂದೇ ಗದ್ದೆ ಮಳೆಗಾಲದಲ್ಲಿ ಅನ್ನ ಕೊಟ್ಟು ಆಮೇಲೆ ಮೀನು ಕೊಡುತ್ತದೆ. ಇಂಥ ಲೆಕ್ಕ ಯಾವ ಯೋಜನಾ ವರದಿಯಲ್ಲಿದೆ ಹೇಳಿ?

ಪಕ್ಕದ ಶರಾವತಿಯನ್ನು ನೋಡಿ. ಲಿಂಗನಮಕ್ಕಿ, ಗೇರುಸೊಪ್ಪೆಗಳ ವಿದ್ಯುದಾಗಾರದಿಂದ ವರ್ಷವಿಡೀ ಸಿಹಿನೀರು ಹರಿದು ಅಳಿವೆಯ ಉಪ್ಪೇ ಇಳಿಯಿತು, ಬಳಚು ಕ್ಷೀಣಿಸಿತು. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅದಕ್ಕೇ ಅದರ ಬಾಯಲ್ಲಿ ಇನ್ನೂ ಇಷ್ಟು ಜೀವವಿದೆ. ಆದರೂ ‘ನೀರು ಸಮುದ್ರಕ್ಕೆ ಪೋಲಾಗುತ್ತಿದೆ’ ಎಂಬ ಮಾತು ಬಯಲುಸೀಮೆಯ ವೇದಿಕೆಗಳಲ್ಲಿ ನಿಂತಿಲ್ಲ. ಸಮುದ್ರ ಸೇರುವ ನೀರಿನಿಂದಲೇ ಅಂಬಿಗರು, ಹರಿಕಂತ್ರರು, ಹಾಲಕ್ಕಿಗಳಂಥ ಇಲ್ಲಿನ ಸಮುದಾಯಗಳ ಒಲೆ ಉರಿಯುತ್ತದೆಂದು ಅವರಿಗೆ ಹೇಳುವವರ್ಯಾರು? ನಾವೇ ಅದನ್ನು ಬದುಕೇ ಅಲ್ಲ ಎಂದರೆ ಹೊರಗಿನವರು ಕಿವಿಗೊಡುತ್ತಾರೆಯೇ?

2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಸಂತೋಷ. ಆದರೆ ಒಡೆದ ಗಜನಿ ಕಟ್ಟೆ ಅದರಿಂದ ತಾನಾಗಿ ಕೂಡಿಕೊಳ್ಳುವುದಿಲ್ಲ. ಕಟ್ಟೆ ದುರಸ್ತಿ, ಕಗ್ಗ ಅಕ್ಕಿಗೆ ತಕ್ಕ ಬೆಲೆ, ಬಳಚು ಮಾರಲು ಒಂದು ನೆರಳಿನ ಜಾಗ – ನಿಮ್ಮ ಹುಡುಗರ ಪರವಾಗಿ ಇವನ್ನು ಕೇಳಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಒಂದಕ್ಷರ ಕತ್ತರಿಸದೆ ಪ್ರಕಟಿಸುತ್ತೇನೆ.