ಹಿಂದಕ್ಕೆ ಹೊರಳಿದ ಫಿರಂಗಿ: ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸೇನೆಯ ಫಿರಂಗಿಗಳ ಕುರಿತ ನಿಮ್ಮ ಲೇಖನ ಓದಿದೆವು. ಈಗಿರುವಂತೆ ಅಚ್ಚು ಹಾಕಲಾಗದು. ಕೈಬಿಡುವ ಬರಹವೂ ಅಲ್ಲ.

1859ರ ಹೊತ್ತಿಗೆ ಹಿಂಬದಿಯಿಂದ ಗುಂಡು ತುಂಬುವ ಆರ್ಮ್‌ಸ್ಟ್ರಾಂಗ್ ಫಿರಂಗಿ ಬಂತು, ‘ಆಮೇಲೆ ಹಿಂತಿರುಗಿ ನೋಡಲೇ ಇಲ್ಲ’ ಎಂದಿದ್ದೀರಿ. ನೋಡಿದ್ದಷ್ಟೇ ಅಲ್ಲ, ಸೇನೆ ಹಿಂತಿರುಗಿ ನಡೆದೇಬಿಟ್ಟಿತು. ಅಂಥ ಫಿರಂಗಿ ಕೈಯಲ್ಲಿದ್ದೂ 1871ರಲ್ಲಿ ಬಾಯಿಯಿಂದ ತುಂಬುವ 9 ಪೌಂಡರ್ (9 ಪೌಂಡ್ ಗುಂಡಿನ ಫಿರಂಗಿ) ತಂದಿತು. ಯಾಕೆ? ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಇದಕ್ಕೆ ಯಂತ್ರವನ್ನು ಬಿಚ್ಚಿ ತೋರಿಸಬೇಕು. ‘ಹಿಂಬಾಗಿಲು ತೆರೆದು’ ಎಂದರೆ ಓದುಗನಿಗೆ ಏನೂ ಕಾಣದು. ಆರ್ಮ್‌ಸ್ಟ್ರಾಂಗ್‌ನ 12 ಪೌಂಡರ್‌ನಲ್ಲಿ ಬಾಗಿಲೇ ಇಲ್ಲ. ತಿರುಪು ಸಡಿಲಿಸಿ, ವೆಂಟ್‌ಪೀಸ್ ಎಂಬ ಲೋಹದ ತುಂಡನ್ನು ಮೇಲಕ್ಕೆತ್ತಿ ತೆಗೆಯಬೇಕು. ತಿರುಪು ಒಳಗೆ ಟೊಳ್ಳು, ಅದರ ಮೂಲಕ ಗುಂಡು, ಬೆನ್ನಿಗೇ ಮದ್ದಿನ ಚೀಲ. ತುಂಡನ್ನು ಮತ್ತೆ ಇಳಿಸಿ ತಿರುಪು ಬಿಗಿಯಬೇಕು. ಬಿಗಿ ಸಾಲದಿದ್ದರೆ ಅನಿಲ ನುಸುಳಿ ಆ ತುಂಡೇ ಮೇಲಕ್ಕೆ ಹಾರುತ್ತಿತ್ತು. ನೀವು ಕೊಟ್ಟ 365 ಗುಂಡಿಗೆ 28 ಅವಘಡಗಳ ಲೆಕ್ಕ 1863ರಲ್ಲಿ ಜಪಾನಿನ ಕಾಗೊಶಿಮಾದ ಮೇಲೆ ನಡೆದ ದಾಳಿಯದ್ದು, ಅಂದರೆ ನೌಕಾದಳದ್ದು. ಇಟ್ಟುಕೊಳ್ಳಿ, ಆದರೆ ಸೇನೆಯ ತಲೆಗೆ ಕಟ್ಟಬೇಡಿ.

ಮರಳಿ ಬಂದದ್ದು ಹಳೆಯ ನುಣುಪು ನಳಿಗೆಯೂ ಅಲ್ಲ. ಆರ್ಮ್‌ಸ್ಟ್ರಾಂಗ್‌ನಲ್ಲಿ 38 ಸಣ್ಣ ಗಾಡುಗಳು, ಅಂದರೆ ನಳಿಗೆಯ ಒಳಮೈಯಲ್ಲಿ ಸುತ್ತಿಕೊಂಡು ಸಾಗುವ ತೋಡುಗಳು; ಅವನ್ನು ಕಚ್ಚಿಕೊಳ್ಳಲು ಗುಂಡಿಗೆ ಸೀಸದ ಹೊದಿಕೆ. 9 ಪೌಂಡರ್‌ನಲ್ಲಿ ಮೂರೇ ಗಾಡು, ಗುಂಡಿನ ಮೈಮೇಲೆ ಅವುಗಳಲ್ಲಿ ಕೂರುವ ಗುಬುಟುಗಳು. ಅಗ್ಗ, ಸರಳ. ಆದರೆ ಬಾಯಿಯಿಂದ ಇಳಿಯಬೇಕಾದರೆ ಗುಂಡು ನಳಿಗೆಗಿಂತ ಕೊಂಚ ಸಣ್ಣದಿರಬೇಕು. ಆ ಸಂದಿನಲ್ಲಿ ನುಗ್ಗುವ ಅನಿಲ ನಳಿಗೆಯನ್ನು ಕೊರೆಯುತ್ತದೆ. ಈ ಪದ್ಧತಿಯನ್ನು ಕೊನೆಗೆ ಮುಗಿಸಿದ್ದು ಮದ್ದು. ನಿಧಾನವಾಗಿ ಉರಿಯುವ ಮದ್ದಿಗೆ ಉದ್ದನೆಯ ನಳಿಗೆ ಬೇಕು. ಉದ್ದನೆಯ ನಳಿಗೆಗೆ ಬಾಯಿಯಿಂದ ತುಂಬುವುದು ಹೇಗೆ? 1880ರ ದಶಕದ 12 ಪೌಂಡರ್ ಮತ್ತೆ ಹಿಂಬದಿಗೆ ಬಂತು. ಮದ್ದಿನ ಬಗ್ಗೆ ನೀವು ಬರೆದಿರುವುದು ಒಂದೇ ಸಾಲು!

ಉಳಿದ ತಪ್ಪುಗಳು. ಆರ್ಮ್‌ಸ್ಟ್ರಾಂಗ್ ಫಿರಂಗಿ ಕ್ರಿಮಿಯಾ ಯುದ್ಧದಲ್ಲಿ ಗುಂಡು ಹಾರಿಸಲಿಲ್ಲ. ಆ ಯುದ್ಧ ನೋಡಿ ಹುಟ್ಟಿದ್ದು, ರಣ ಕಂಡದ್ದು 1860ರಲ್ಲಿ, ಚೀನಾದಲ್ಲಿ. ‘12 ಪೌಂಡರ್’ ಎಂಬುದು ಗುಂಡಿನ ತೂಕ, ನಳಿಗೆಯದಲ್ಲ. ನಳಿಗೆಯೇ ಸುಮಾರು 400 ಕಿಲೋ. ಗಾಡುಗಳು ಗುಂಡಿಗೆ ವೇಗ ಕೊಡುವುದಿಲ್ಲ, ತಿರುಗು ಕೊಡುತ್ತವೆ. ಉದ್ದನೆಯ ಗುಂಡು ಮಗುಚದೆ ಮೂತಿ ಮುಂದಾಗಿ ಹೋಗುವುದು ಅದರಿಂದಲೇ.

ಮೈಸೂರಿನ ರಾಕೆಟ್ಟುಗಳ ಮೇಲೆ ನಾಲ್ಕು ಪ್ಯಾರಾ ಇವೆ. ಅಭಿಮಾನ ಸರಿ, ಜಾಗ ಇದಲ್ಲ. ಶ್ರೀರಂಗಪಟ್ಟಣದಿಂದ, ಅವನ್ನು ನೋಡಿ ಬ್ರಿಟನ್ನಿನಲ್ಲಿ ರಾಕೆಟ್ ಮಾಡಿದ ಕಾಂಗ್ರೀವ್‌ವರೆಗೆ ಎರಡು ವಾಕ್ಯ ಸಾಕು. ಅಲ್ಲಿಂದ ನೇರ ವಿಲಿಯಂ ಹೇಲ್‌ಗೆ ಬನ್ನಿ: ರಾಕೆಟ್ಟು ನೇರ ಹೋಗಲೆಂದು ಕಟ್ಟುತ್ತಿದ್ದ ಕೋಲು ಕಿತ್ತುಹಾಕಿ ರಾಕೆಟ್ಟನ್ನೇ ತಿರುಗಿಸಿದವನು, 1867ರಲ್ಲಿ ಸೇನೆ ಒಪ್ಪಿಕೊಂಡದ್ದು ಅವನದನ್ನು. ಗಾಡುಗಳ ಮಾತಿಗೆ ಅದು ತಾನಾಗಿ ಸೇರುತ್ತದೆ.

ಬಿಡಿಸಿದ ಒಂದು ಚಿತ್ರವಾದರೂ ಇರಲಿ: ತಿರುಪು, ವೆಂಟ್‌ಪೀಸ್, ಗುಂಡು, ಮದ್ದು ಎಲ್ಲೆಲ್ಲಿ ಕೂರುತ್ತವೆ ಎಂದು ಗುರುತಿಸಿ. ತಿದ್ದಿ ಕಳಿಸಿದರೆ ಮತ್ತೆ ಓದುತ್ತೇವೆ.

— ಸಂಪಾದಕರು