4294967297 ಅವಿಭಾಜ್ಯ ಸಂಖ್ಯೆಯೇ?

ಅಲ್ಲ. 4294967297 = 641 × 6700417. ಈ ಎರಡೂ ಅವಿಭಾಜ್ಯ, ಹಾಗಾಗಿ ಇದಕ್ಕೆ ಇರುವುದು ನಾಲ್ಕೇ ಭಾಜಕಗಳು. ಸಂಖ್ಯೆಯ ನಿಜರೂಪ 2³² + 1. ಗಣಿತಜ್ಞ ಫರ್ಮಾ ಇದನ್ನು ಅವಿಭಾಜ್ಯವೆಂದೇ ನಂಬಿದ್ದ. 1732ರಲ್ಲಿ ಗಣಿತಜ್ಞ ಆಯ್ಲರ್ ಒಡೆದು ತೋರಿಸಿದ.

641 ಹುಡುಕಲು ಹೆಚ್ಚು ಅಲೆಯಬೇಕಿಲ್ಲ. 4294967297ರ ಯಾವುದೇ ಅವಿಭಾಜ್ಯ ಅಪವರ್ತನ 128ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು. 129, 385, 513 ಅವಿಭಾಜ್ಯಗಳಲ್ಲ. 257ರಿಂದ ಭಾಗಿಸಿದರೆ ಶೇಷ 2. ಮುಂದಿನದೇ 641!

ಭಾಗಾಕಾರವನ್ನೇ ಮಾಡದೆ ಸಾಧಿಸುವ ದಾರಿ ಇನ್ನೂ ಸೊಗಸಾಗಿದೆ. 641 = 5·2⁷ + 1, ಜೊತೆಗೆ 641 = 5⁴ + 2⁴. 641ರಿಂದ ಭಾಗಿಸಿದಾಗಿನ ಶೇಷವನ್ನಷ್ಟೇ ಗಮನಿಸಿದರೆ 5·2⁷ ≡ −1 (≡ ಎಂದರೆ ಎರಡೂ ಬದಿಯ ಶೇಷ ಒಂದೇ). ನಾಲ್ಕನೇ ಘಾತಕ್ಕೇರಿಸಿ: 5⁴·2²⁸ ≡ 1. ಇಲ್ಲಿ 5⁴ ಬದಲು −2⁴ ಇಟ್ಟರೆ −2³² ≡ 1, ಅಂದರೆ 2³² + 1 ≡ 0.

ಪ್ರೋಗ್ರಾಂ ಬರೆದು ಪರೀಕ್ಷಿಸುವವರು 64 ಬಿಟ್ ಪೂರ್ಣಾಂಕ ಬಳಸಿ. ಚಿಹ್ನೆರಹಿತ 32 ಬಿಟ್‌ನ ಮಿತಿ 4294967295. ಅದರಲ್ಲಿ ಈ ಸಂಖ್ಯೆ ಹಿಡಿಸದೆ 1 ಆಗಿಬಿಡುತ್ತದೆ.